ಮೂಲದ ಮನೆಗೆ ದಾರಿ

ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥವಾಗಿ ಅಗಲಗೊಂಡಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವವರಿಗೆ ಹಳೆಯ ಕಾಸರಗೋಡಿನ ಗುರುತುಗಳು ಈಗ ಸುಲಭವಾಗಿ ದೊರೆಯುವುದಿಲ್ಲ. ದಾರಿಬದಿಯ ಮರಗಳು, ಹಂಚಿನ ಮಾಡಿನ ಅಂಗಡಿಗಳು, ಮುರಕಲ್ಲಿನ ಆವರಣಗೋಡೆಗಳು ಎಷ್ಟೋ ಕಡೆ ಇಲ್ಲವಾಗಿವೆ. "ಪೇಟೆ ದಾಟಿದ ಮೇಲೆ ಬಲಬದಿಗೆ ಒಂದು ಗೋಳಿಮರ, ಅದರ ಹಿಂದಿನ ಓಣಿ ಹಿಡಿದು ಗುಡ್ಡ ಇಳಿದರೆ ನಮ್ಮ ಮನೆ" ಎಂದು ಮುಂಬಯಿಯ ಚಾಳಿನಲ್ಲೋ ಕೊಡಗಿನ ತೋಟದ ಲೈನಿನಲ್ಲೋ ಕುಳಿತು ಹಿರಿಯರು ಮಕ್ಕಳಿಗೆ ಹೇಳಿಕೊಟ್ಟ ದಾರಿಗೆ ಇಂದು ಮರವೂ ಇಲ್ಲ, ಓಣಿಯ ಬಾಯಿಯೂ ಇಲ್ಲ.

ಆದರೂ ಹುಡುಕಿಕೊಂಡು ಬರುವವರ ಸಂಖ್ಯೆ ಕಡಿಮೆಯಾಗಿಲ್ಲ. ಬೇಸಿಗೆಯ ರಜೆಯಲ್ಲಿ, ನೇಮ-ಕೋಲಗಳ ತಿಂಗಳುಗಳಲ್ಲಿ, ನಾಗರಪಂಚಮಿಯ ಹಿಂದುಮುಂದಿನ ದಿನಗಳಲ್ಲಿ ಕುಂಬಳೆ, ಮಂಜೇಶ್ವರ, ಕಾಸರಗೋಡು ನಿಲ್ದಾಣಗಳಲ್ಲಿ ಇಳಿಯುವ ಕುಟುಂಬಗಳಲ್ಲಿ ಕೆಲವಾದರೂ ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತವೆ: ನಮ್ಮ ಮೂಲ ಎಲ್ಲಿ? ತುಳುನಾಡಿನಲ್ಲಿ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಮೂಲ ನಾಗಬನ ಯಾವುದೆಂದು ತಿಳಿಯದ ಕುಟುಂಬ ತಂಬಿಲ ಎಲ್ಲಿ ಸಲ್ಲಿಸಬೇಕು? ತರವಾಡಿನ ದೈವಕ್ಕೆ ಹರಕೆ ಯಾರ ಕೈಯಲ್ಲಿ ಕೊಡಬೇಕು? ಮನೆಯ ಕಷ್ಟಕ್ಕೆ ಪ್ರಶ್ನೆ ಇಡಿಸಿದಾಗ "ಮೂಲಸ್ಥಾನವನ್ನು ಮರೆತಿದ್ದೀರಿ" ಎಂಬ ಮಾತು ಬಂತೆಂದರೆ, ಮೂರು ತಲೆಮಾರಿನಿಂದ ಊರಿನ ಮುಖ ನೋಡದವರೂ ಟಿಕೆಟು ತೆಗೆಯುತ್ತಾರೆ. ಇನ್ನು ಕೆಲವರಿಗೆ ಬೇಕಾದುದು ಜಾತಿ ಪ್ರಮಾಣಪತ್ರಕ್ಕೋ ವಾರೀಸು ಅರ್ಜಿಗೋ ಅಜ್ಜನ ಹೆಸರಿರುವ ಒಂದು ಹಳೆಯ ಕಾಗದ. ಕಾರಣ ಯಾವುದಾದರೂ ಹುಡುಕುವ ದಾರಿಗಳು ಮೂರೇ: ನೆನಪು, ಕಾಗದ ಮತ್ತು ನೆಲ. ಈ ಮೂರನ್ನೂ ಕ್ರಮವಾಗಿ ನೋಡಿದ ಕುಟುಂಬ ಬರಿಗೈಯಲ್ಲಿ ಮರಳುವುದು ಅಪರೂಪ.

ಮನೆಯ ಹೆಸರೇ ನಕ್ಷೆ

ಮೊದಲ ಸುಳಿವು ಹೆಚ್ಚಾಗಿ ಹೆಸರಿನಲ್ಲಿಯೇ ಅಡಗಿರುತ್ತದೆ. ಈ ನಾಡಿನಲ್ಲಿ ಮನೆಯ ಹೆಸರು ನೆಲದ ಸ್ವರೂಪವನ್ನು ಹೇಳುತ್ತದೆ. ದಕ್ಷಿಣ ಕನ್ನಡದ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ದರ್ಜೆಗಳಲ್ಲಿ ಗುರುತಿಸುತ್ತಿದ್ದರು. ತಗ್ಗಿನಲ್ಲಿ ನೀರು ನಿಲ್ಲುವ ಗದ್ದೆ ಬೈಲು, ನಡುವಿನದು ಮಜಲು, ಮಳೆಯ ನೀರನ್ನೇ ನಂಬಿದ ಮೇಲಿನ ಗದ್ದೆ ಬೆಟ್ಟು. ಕುಟುಂಬದ ಹೆಸರು 'ಮಜಲು' ಎಂದು ಮುಗಿದರೆ ಅದು ಗುಡ್ಡಕ್ಕೂ ತೋಡಿಗೂ ನಡುವಿನ ಮನೆಯೆಂದು ತಿಳಿಯಬಹುದು. ಅಡ್ಕವೆಂದರೆ ಬಯಲಾದ ಮಟ್ಟಸ ನೆಲ. ಪದವು ಎಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ ಹಾಸು. ಪಳ್ಳ, ಕಟ್ಟ, ಮೂಲೆ ಎಂಬವೂ ಹೀಗೆಯೇ ಸ್ಥಳದ ಗುರುತುಗಳು. ಗುತ್ತು, ಬೀಡು, ಬಾರಿಕೆ, ಭಂಡಾರಮನೆ ಎಂಬ ಮಾತುಗಳು ಮಾತ್ರ ನೆಲವನ್ನಲ್ಲ, ಊರಿನ ಕಟ್ಟುಕಟ್ಟಳೆಯಲ್ಲಿ ಆ ಮನೆಗಿದ್ದ ಸ್ಥಾನವನ್ನು ಸೂಚಿಸುತ್ತವೆ.

ಊರಿನ ಹೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಈ ಪ್ರದೇಶದ ಅನೇಕ ಊರುಗಳಿಗೆ ಎರಡು ರೂಪಗಳಿವೆ. ಕಾರಡ್ಕ ಕಾಡಗಂ ಆಗುತ್ತದೆ, ಬೇಡಡ್ಕ ಬೇಡಗಂ ಆಗುತ್ತದೆ. ನೆಲ್ಲಿಕುಂಜೆ ನೆಲ್ಲಿಕುನ್ನು, ಪಿಲಿಕುಂಜೆ ಪುಲಿಕುನ್ನು, ಆನೆಬಾಗಿಲು ಆನೆವಾತುಕ್ಕಲ್ ಎಂದೂ ಬರೆಯಲ್ಪಡುತ್ತವೆ. ಹೊಸದುರ್ಗವನ್ನು ಪುದಿಯಕೋಟ ಎನ್ನುವವರೂ ಇದ್ದಾರೆ. ಅಜ್ಜನ ಪತ್ರದಲ್ಲಿ ಕನ್ನಡ ರೂಪ ಇರುತ್ತದೆ, ಇಂದಿನ ಫಲಕದಲ್ಲಿ ಮಲಯಾಳ ರೂಪ ಇರುತ್ತದೆ, ದೂರವಾಣಿಯ ನಕ್ಷೆಯಲ್ಲಿ ಇಂಗ್ಲಿಷ್ ಕಾಗುಣಿತದ ಮೂರನೆಯ ರೂಪ ಇರುತ್ತದೆ. ಇನ್ನೂ ಹಳೆಯ ಕಾಗದವಾದರೆ ತಾಲೂಕಿನ ಹೆಸರೇ 'ಬೇಕಲ' ಎಂದು ಕಾಣಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗ ಆ ಹೆಸರಿನ ತಾಲೂಕಿಗೆ ಸೇರಿತ್ತು. ಹೆಸರಿನ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಮೊದಲೇ ಬರೆದುಕೊಳ್ಳದ ಕುಟುಂಬ ಪಕ್ಕದ ಊರಿನಲ್ಲಿ ನಿಂತುಕೊಂಡೇ ತನ್ನ ಊರನ್ನು ಹುಡುಕಬೇಕಾದೀತು.

ಬಂದವರು, ಹೋದವರು

ಮೂಲವನ್ನು ಹುಡುಕುವವರು ನೆನಪಿಡಬೇಕಾದ ಸಂಗತಿಯೆಂದರೆ, ಕಾಸರಗೋಡು ಹೊರಟು ಹೋದವರ ನಾಡು ಮಾತ್ರವಲ್ಲ, ಬಂದು ನೆಲೆಸಿದವರ ನಾಡೂ ಹೌದು. ಕೆಳದಿಯ ನಾಯಕರು ಹದಿನೇಳನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಕೋಟೆಗಳ ಸಾಲನ್ನೇ ಎಬ್ಬಿಸಿದರು. ಬೇಕಲದ ಕೋಟೆಯನ್ನು ಶಿವಪ್ಪ ನಾಯಕನ ಕಾಲದ್ದೆಂದು ಹೇಳುತ್ತಾರೆ. ಆ ಕೋಟೆಗಳ ಕಾವಲಿಗೆ ಉತ್ತರದಿಂದ ಬಂದ ರಾಮಕ್ಷತ್ರಿಯರು ಬೇಕಲ, ಹೊಸದುರ್ಗಗಳ ಆಸುಪಾಸಿನಲ್ಲಿ ಮನೆಮಾಡಿದರು. 'ಕೋಟೆಯವರು' ಎಂಬ ಹೆಸರು ಅವರಿಗೆ ಹೀಗೆ ಬಂತು. ಗೌಡ ಸಾರಸ್ವತರ ದಾರಿ ಗೋವೆಗೆ ತಲುಪುತ್ತದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯ ಭಯದಿಂದ ಕುಶಸ್ಥಳಿಯ ಮಂಗೇಶ, ವೆರ್ಣೆಯ ಮಹಾಲಸಾ ದೇವರನ್ನು ಫೋಂಡಾ ಸೀಮೆಗೆ ಸಾಗಿಸಿದಂತೆಯೇ ಅನೇಕ ಕುಟುಂಬಗಳು ದಕ್ಷಿಣಕ್ಕೆ ಬಂದವು. ಮಂಜೇಶ್ವರದ ಅನಂತೇಶ್ವರ ದೇವಸ್ಥಾನದ ಸುತ್ತ ಬೆಳೆದ ಕೇರಿಗಳು ಆ ಪ್ರಯಾಣದ ಒಂದು ತಂಗುದಾಣ. ಇಂಥ ಕುಟುಂಬಕ್ಕೆ ಮೂಲದ ಮನೆ ಒಂದಲ್ಲ, ಎರಡು: ಒಂದು ಅಜ್ಜ ಹುಟ್ಟಿದ ಮಂಜೇಶ್ವರದ ಓಣಿಯಲ್ಲಿ, ಇನ್ನೊಂದು ಕುಲದೇವರ ಗೋವೆಯಲ್ಲಿ.

ಹೋದವರ ದಾರಿಗಳೂ ಹಲವು. 1907ರ ವೇಳೆಗೆ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಕುಂಬಳೆ ಸೀಮೆಯ ಹುಡುಗರಿಗೆ ಹೊರಗಿನ ಲೋಕ ಹತ್ತಿರವಾಯಿತು. ಹೋಟೆಲು ಕೆಲಸಕ್ಕೆ ಮುಂಬಯಿಗೆ, ಕಾಫಿ ತೋಟಗಳಿಗೆ ಕೊಡಗಿಗೆ, ಓದಿಗೆ ಮಂಗಳೂರು-ಮದರಾಸುಗಳಿಗೆ ಹೊರಟವರು ಅನೇಕರು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಒಂದೇ ಕುಟುಂಬದ ಅಣ್ಣನ ಮನೆ ವರ್ಕಾಡಿಯಲ್ಲಿ, ತಮ್ಮನ ಮನೆ ವಿಟ್ಲದಲ್ಲಿ ಇದ್ದುದರಿಂದ, ಅಂದಿನವರೆಗೆ ಒಂದೇ ಜಿಲ್ಲೆಯ ಒಂದೇ ಕಚೇರಿಯಲ್ಲಿದ್ದ ಕುಟುಂಬದ ಕಾಗದಪತ್ರಗಳು ಎರಡು ರಾಜ್ಯಗಳ ಎರಡು ಭಾಷೆಗಳ ಕಚೇರಿಗಳಿಗೆ ಹಂಚಿಹೋದವು. ಇಂದು ವಂಶಾವಳಿ ಹುಡುಕುವವರು ಈ ಗಡಿಯನ್ನು ಮತ್ತೆ ಮತ್ತೆ ದಾಟಲೇಬೇಕು.

ಕಾಗದ ಎಲ್ಲೆಲ್ಲಿದೆ

ಕಾಗದದ ಹುಡುಕಾಟಕ್ಕೆ ನೋಂದಣಿ ಕಚೇರಿಯೇ ಆರಂಭ. ಸ್ಥಿರಾಸ್ತಿಯ ದಸ್ತಾವೇಜುಗಳ ಕಡ್ಡಾಯ ನೋಂದಣಿ 1864ರ ಕಾಯಿದೆಯಿಂದ ಆರಂಭವಾಯಿತು. ಈಗ ಜಾರಿಯಲ್ಲಿರುವುದು 1908ರ ನೋಂದಣಿ ಕಾಯಿದೆ. ಅದರ ಪ್ರಕಾರ ಸ್ಥಿರಾಸ್ತಿಗೆ ಸಂಬಂಧಿಸಿದ ಕ್ರಯ, ಅಡವು, ಪಾಲುಪಟ್ಟಿ, ಮೂಲಗೇಣಿ ಪತ್ರ ಇವೆಲ್ಲ 1ನೆಯ ಪುಸ್ತಕದಲ್ಲಿ ನಕಲಾಗುತ್ತವೆ. ಉಯಿಲುಗಳು 3ನೆಯ ಪುಸ್ತಕದಲ್ಲಿ ಸೇರುತ್ತವೆ. 1ನೆಯ ಪುಸ್ತಕಕ್ಕೆ ಎರಡು ಸೂಚಿಗಳಿವೆ: ಒಂದು ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು, ಇನ್ನೊಂದು ಆಸ್ತಿಯದು. ಕಾಯಿದೆಯ 57ನೆಯ ಕಲಮಿನಂತೆ ನಿಗದಿತ ಶುಲ್ಕ ಕಟ್ಟಿದ ಯಾರಿಗೇ ಆಗಲಿ ಈ ಪುಸ್ತಕವನ್ನೂ ಅದರ ಸೂಚಿಗಳನ್ನೂ ನೋಡುವ, ದೃಢೀಕೃತ ನಕಲು ಪಡೆಯುವ ಅವಕಾಶವಿದೆ. ಉಯಿಲುಗಳ ನಕಲು ಮಾತ್ರ ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಸೀಮಿತ; ಅವರ ಮರಣದ ಬಳಿಕ ಅರ್ಜಿ ಹಾಕಿದ ಯಾರಿಗೇ ಆಗಲಿ ದೊರೆಯುತ್ತದೆ. ಮಂಜೇಶ್ವರ, ಬದಿಯಡ್ಕ, ಕಾಸರಗೋಡು, ಹೊಸದುರ್ಗದ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಯಾವುದು ತಮ್ಮ ಊರಿಗೆ ಸಂಬಂಧಿಸಿದ್ದೆಂದು ಮೊದಲು ತಿಳಿದುಕೊಳ್ಳಬೇಕು. ಕಚೇರಿಗಳ ವ್ಯಾಪ್ತಿ ಕಾಲಕಾಲಕ್ಕೆ ಬದಲಾಗಿರುವುದರಿಂದ ಹಳೆಯ ಪತ್ರ ಇಂದಿನ ಕಚೇರಿಯಲ್ಲಿಯೇ ಇರಬೇಕೆಂದಿಲ್ಲ.

ಆ ಪುಸ್ತಕಗಳನ್ನು ಓದುವುದೂ ಒಂದು ವಿದ್ಯೆ. 1956ಕ್ಕೆ ಹಿಂದಿನ ಪತ್ರಗಳು ಬಹುಪಾಲು ಕನ್ನಡದಲ್ಲಿವೆ. ಆದರೆ ಮೋಡಿ ಹೊಡೆದ ಕೈಬರಹ, ವಾಕ್ಯಕ್ಕೆ ವಾಕ್ಯ ಬೆಸೆದು ಪುಟದುದ್ದಕ್ಕೂ ನಿಲ್ಲದ ಬರವಣಿಗೆ. ಗೇಣಿಯನ್ನು ರೂಪಾಯಿಯಲ್ಲಲ್ಲ, ಅಕ್ಕಿಯ ಮುಡಿಗಳಲ್ಲಿ ಬರೆದಿರುತ್ತಾರೆ: ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಕಂದಾಯದ ಲೆಕ್ಕಗಳಲ್ಲಿ ವರ್ಷ ಫಸಲಿಯದು. ಅದಕ್ಕೆ 590 ಕೂಡಿಸಿದರೆ ಆ ಲೆಕ್ಕದ ವರ್ಷ ಆರಂಭವಾಗುವ ಇಸವಿ ದೊರೆಯುತ್ತದೆ. ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್‌ವರೆಗಿನ ವರ್ಷ. ಸಂವತ್ಸರದ ಹೆಸರು ಮಾತ್ರ ಇದ್ದರೆ ಇನ್ನಷ್ಟು ಜಾಗ್ರತೆ ಬೇಕು. ಪ್ರಭವ ಸಂವತ್ಸರವೆಂದರೆ 1927ರಲ್ಲಿ ಆರಂಭವಾದುದೂ ಆಗಬಹುದು, 1867ರದ್ದೂ ಆಗಬಹುದು. ಅರುವತ್ತು ವರ್ಷದ ತಪ್ಪಿನಲ್ಲಿ ಅಜ್ಜ ಮುತ್ತಜ್ಜನಾಗಿಬಿಡುತ್ತಾನೆ.

ಪತ್ರದಲ್ಲಿ 'ವರ್ಗ' ಎಂಬ ಮಾತು ಬಂದರೆ ಅದನ್ನು ಇಂದಿನ ಅರ್ಥದಲ್ಲಿ ತಿಳಿಯಬಾರದು. ಸರಕಾರದ ಲೆಕ್ಕದಲ್ಲಿ ಒಬ್ಬ ಹಿಡುವಳಿದಾರನ ಹೆಸರಿನಲ್ಲಿದ್ದ ಭೂಮಿಯ ಖಾತೆಗೆ ದಕ್ಷಿಣ ಕನ್ನಡದಲ್ಲಿ ವರ್ಗವೆಂದು ಹೆಸರು. ಒಡೆಯ ವರ್ಗದಾರ ಅಥವಾ ಮೂಲಿದಾರ; ಅವನಿಂದ ಶಾಶ್ವತವಾಗಿ ಗೇಣಿಗೆ ಪಡೆದವನು ಮೂಲಗೇಣಿದಾರ; ವರ್ಷವರ್ಷಕ್ಕೆ ಒಕ್ಕಲು ಮಾಡಿದವನು ಚಾಲಗೇಣಿದಾರ. ಒಂದು ಕುಟುಂಬ ಈ ಮೆಟ್ಟಿಲುಗಳಲ್ಲಿ ಎಲ್ಲಿ ನಿಂತಿತ್ತು ಎಂಬುದು ಮುಂದಿನ ಹುಡುಕಾಟದ ದಿಕ್ಕನ್ನೇ ನಿರ್ಧರಿಸುತ್ತದೆ. ಮೂಲಿದಾರನ ಹೆಸರು ನೋಂದಣಿಯಲ್ಲಿ ಸಿಗುತ್ತದೆ. ಚಾಲಗೇಣಿ ಬಹಳಷ್ಟು ಬಾಯಿಮಾತಿನ ವ್ಯವಹಾರವಾಗಿದ್ದುದರಿಂದ ಒಕ್ಕಲಿನ ಹೆಸರು ಅಲ್ಲಿ ಸಿಗುವುದು ವಿರಳ.

ಒಕ್ಕಲಿನ ಹೆಸರು ಸಿಗುವುದು ಭೂಸುಧಾರಣೆಯ ಕಡತಗಳಲ್ಲಿ. 1963ರ ಕೇರಳ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದ ಬಳಿಕ ಲ್ಯಾಂಡ್ ಟ್ರಿಬ್ಯೂನಲ್‌ಗಳ ಮುಂದೆ ಗೇಣಿದಾರರ ಅರ್ಜಿಗಳು ವಿಚಾರಣೆಗೆ ಬಂದವು. ಗಡಿಯಾಚೆ ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೊಂಡ ತಿದ್ದುಪಡಿಯಡಿ ಇದೇ ಕೆಲಸ ನಡೆಯಿತು. 'ಡಿಕ್ಲರೇಶನ್ ಹಾಕಿದ್ದು' ಎಂದು ಹಿರಿಯರು ಇಂದಿಗೂ ಹೇಳುವುದು ಅದನ್ನೇ. ಅರ್ಜಿ, ಹೇಳಿಕೆ, ಆದೇಶ ಇವುಗಳಲ್ಲಿ ಧಣಿಯ ಮನೆಯವರ ಹೆಸರೂ ಒಕ್ಕಲಿನ ಮನೆಯವರ ಹೆಸರೂ ಒಟ್ಟಿಗೆ ಇರುತ್ತವೆ. ಇವನ ತಂದೆಯ ಕಾಲದಿಂದ ಈ ಭೂಮಿಯಲ್ಲಿ ಒಕ್ಕಲು ಎಂಬ ಒಂದು ಸಾಲು, ಬೇರೆಲ್ಲಿಯೂ ಬರೆದಿಡದ ಒಂದು ಕುಟುಂಬದ ಚರಿತ್ರೆಗೆ ಮೊದಲ ಪುಟವಾಗಬಲ್ಲುದು.

ನ್ಯಾಯಾಲಯದಲ್ಲಿ ಉಳಿದ ವಂಶವೃಕ್ಷ

ಕುಟುಂಬಗಳು ಜಗಳವಾಡಿದ್ದರಿಂದ ಚರಿತ್ರೆಗೆ ಉಪಕಾರವಾದುದೂ ಉಂಟು. ಅಳಿಯಸಂತಾನ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಒಬ್ಬ ಹೆಣ್ಣುಮಗಳು ಮತ್ತು ಅವಳ ಹೆಣ್ಣುಸಂತತಿಯ ಕವಲನ್ನು 'ಕವರು' ಎನ್ನುತ್ತಿದ್ದರು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿದ ಬಳಿಕ ಪಾಲಿನ ದಾವೆಗಳು ಹೆಚ್ಚಿದವು. ಪ್ರತಿಯೊಂದು ದಾವೆಯಲ್ಲೂ ಸಂತತಿಯ ನಕ್ಷೆ ಬೇಕೇ ಬೇಕು: ಮೂಲ ಹೆಂಗಸು ಯಾರು, ಅವಳ ಹೆಣ್ಣುಮಕ್ಕಳು ಎಷ್ಟು ಮಂದಿ, ಯಾವ ಕವರು ನಿಸ್ಸಂತತಿಯಾಯಿತು. ಹೀಗಾಗಿ ಗಂಡುಮಕ್ಕಳ ಹೆಸರನ್ನೇ ಸಾಲಾಗಿ ಬರೆಯುವ ಇತರ ವಂಶಾವಳಿಗಳಲ್ಲಿ ಕಾಣದ ಅಜ್ಜಿ, ಮುತ್ತಜ್ಜಿಯರ ಹೆಸರುಗಳು ಈ ನಕ್ಷೆಗಳಲ್ಲಿ ಉಳಿದುಕೊಂಡಿವೆ. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ 1975ರ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದು ಆ ಅಧ್ಯಾಯ ಕಾನೂನಿನ ಮಟ್ಟಿಗೆ ಮುಗಿಯಿತು. ಕಡತಗಳನ್ನು ಹುಡುಕುವಾಗ 1956ಕ್ಕೆ ಮೊದಲು ಜಿಲ್ಲಾ ನ್ಯಾಯಾಲಯ ಮಂಗಳೂರಿನಲ್ಲಿತ್ತೆಂಬುದನ್ನು ನೆನಪಿಡಬೇಕು. ನ್ಯಾಯಾಲಯಗಳ ಎಲ್ಲ ಕಾಗದಗಳೂ ಶಾಶ್ವತವಾಗಿ ಉಳಿಯುವುದಿಲ್ಲವಾದ್ದರಿಂದ, ಕುಟುಂಬದ ಪೆಟ್ಟಿಗೆಯಲ್ಲಿರುವ ಹಳೆಯ ತೀರ್ಪಿನ ನಕಲನ್ನು ಗೆದ್ದಲಿಗೆ ಬಿಡಬಾರದು.

ಅಜ್ಜಿಯ ಮಾತಿಗೂ ಕಾನೂನು ಬೆಲೆ ಕೊಟ್ಟಿದೆ. 1872ರ ಸಾಕ್ಷ್ಯ ಕಾಯಿದೆ, ಸಂಬಂಧಗಳ ಬಗ್ಗೆ ವಿಶೇಷವಾಗಿ ಬಲ್ಲವರು ವಿವಾದ ಹುಟ್ಟುವ ಮೊದಲೇ ಹೇಳಿ ತೀರಿಕೊಂಡಿದ್ದರೆ ಆ ಹೇಳಿಕೆಯನ್ನು ಸಾಕ್ಷ್ಯವೆಂದು ಸ್ವೀಕರಿಸಲು ಅವಕಾಶ ಕೊಟ್ಟಿತು. ಕುಟುಂಬದ ವಂಶಾವಳಿ, ಗೋರಿಕಲ್ಲಿನ ಬರಹ, ಮನೆತನದ ಚಿತ್ರಪಟದ ಬರಹ ಇವುಗಳಿಗೂ ಅದೇ ಮನ್ನಣೆ ಇತ್ತು. ಯೋಗ್ಯ ಸ್ಥಳದಿಂದ ಹಾಜರುಪಡಿಸಿದ, ಮೂವತ್ತು ವರ್ಷ ಮೀರಿದ ದಸ್ತಾವೇಜಿನ ಸಹಿ, ಬರಹಗಳನ್ನು ನೈಜವೆಂದು ಭಾವಿಸಬಹುದೆಂದೂ ಹೇಳಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ತ್ವಗಳನ್ನು ಉಳಿಸಿಕೊಂಡಿದೆ. ಆದುದರಿಂದ ಎಂಬತ್ತು ದಾಟಿದ ಹಿರಿಯರನ್ನು ಕೇಳಿ, ದಿನಾಂಕ ಹಾಕಿ, ಬರೆದಿಟ್ಟ ನಾಲ್ಕು ಪುಟಗಳು ಕೇವಲ ಭಾವುಕತೆಯ ವಸ್ತುವಲ್ಲ.

ಪುಸ್ತಕದಲ್ಲಿ ಇಲ್ಲದವರು

ಆದರೆ ಈ ಎಲ್ಲ ಕಚೇರಿಗಳನ್ನು ಸುತ್ತಿದರೂ ಒಂದು ಸಾಲು ಕೂಡ ದೊರೆಯದ ಕುಟುಂಬಗಳಿವೆ. ಭೂಮಿ ಇಲ್ಲದವರಿಗೆ 1ನೆಯ ಪುಸ್ತಕದಲ್ಲಿ ಸ್ಥಳವಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ 'ಮೂಲದಾಳು'ಗಳೆಂದು ಭೂಮಿಗೆ ಕಟ್ಟಿಹಾಕಲ್ಪಟ್ಟವರನ್ನು ಧಣಿಗಳ ಸ್ವತ್ತಿನ ಲೆಕ್ಕದಲ್ಲಿ ಹಿಡಿಯುತ್ತಿದ್ದರು. ಗುಲಾಮಗಿರಿಯ ಹಕ್ಕುಗಳಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದು 1843ರ ಕಾಯಿದೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಮೂಲ ಹುಡುಕಿ ಹೊರಟರೆ ಅಜ್ಜನ ಹೆಸರಿಗಿಂತ ಮೊದಲು ಧಣಿಯ ಹೆಸರನ್ನು ಹುಡುಕಬೇಕಾಗುತ್ತದೆ. ಇದು ನೋವಿನ ಸಂಗತಿ, ಆದರೂ ಮುಚ್ಚಿಡಬೇಕಾದ್ದಲ್ಲ. ಇವರ ಮಟ್ಟಿಗೆ ಶಾಲೆಯ ಪುಸ್ತಕ, ಮತದಾರರ ಪಟ್ಟಿ, ಜನನ ಮರಣಗಳ ದಾಖಲೆ, ಚರ್ಚಿನ ಜ್ಞಾನಸ್ನಾನದ ಪುಸ್ತಕ, ಮಸೀದಿಯ ಜಮಾಅತ್‌ನ ಲೆಕ್ಕ ಇವೇ ಆಧಾರ. ದೈವಸ್ಥಾನದ ಚಾಕರಿಯ ಕ್ರಮವೂ ಒಂದು ದಾಖಲೆಯೇ: ಯಾವ ಮನೆಯವರು ದೈವ ಕಟ್ಟಬೇಕು, ಯಾರು ದೀಟಿಗೆ ಹಿಡಿಯಬೇಕು, ಯಾರು ಎಣ್ಣೆ ಕೊಡಬೇಕು ಎಂಬುದು ತಲೆಮಾರುಗಳಿಂದ ಬಾಯಿಯಿಂದ ಬಾಯಿಗೆ ಉಳಿದು ಬಂದಿದೆ.

ಇವುಗಳಲ್ಲಿ ಶಾಲೆಯ ಪ್ರವೇಶ ಪುಸ್ತಕದ ಮಹತ್ವ ಎಲ್ಲಕ್ಕಿಂತ ಮಿಗಿಲು. ಬಡವ ಬಲ್ಲಿದ, ಗಂಡು ಹೆಣ್ಣು, ಯಾವ ಜಾತಿ ಮತವೇ ಆಗಲಿ, ಒಂದನೆಯ ತರಗತಿಗೆ ಸೇರಿದ ಪ್ರತಿ ಮಗುವಿಗೂ ಅದರಲ್ಲಿ ಒಂದು ಸಾಲು ಸಮಾನವಾಗಿ ದೊರೆತಿದೆ. ಮಗುವಿನ ಹೆಸರು, ರಕ್ಷಕರ ಹೆಸರು, ಮನೆ, ಕಸುಬು, ಸೇರಿದ ದಿನ, ಬಿಟ್ಟ ದಿನ. ಹುಟ್ಟಿದ ದಿನ ತಿಳಿಯದಾಗ ಮೇಷ್ಟ್ರು ಊಹಿಸಿ ಬರೆದುದೂ ಇದೆಯಾದ್ದರಿಂದ ಆ ಒಂದು ಅಂಕಣವನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಉಳಿದುದು ಚಿನ್ನದಂಥದ್ದು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಳೆಯ ಶಾಲೆಗಳಲ್ಲಿ ಈ ಪುಸ್ತಕಗಳು ಕನ್ನಡದಲ್ಲಿವೆ. ಮಕ್ಕಳ ಸಂಖ್ಯೆ ಇಳಿದು ಕನ್ನಡ ವಿಭಾಗ ಮುಚ್ಚಿದ ಶಾಲೆಯಲ್ಲಿ ಆ ಪುಸ್ತಕ ಕಪಾಟಿನಲ್ಲಿ ಇದ್ದರೂ ಅದನ್ನು ತೆರೆದು ಓದಿ ಹೇಳುವ ಅಧ್ಯಾಪಕರಿರುವುದಿಲ್ಲ. ಹೊರಗಿನಿಂದ ಬಂದ ಮೊಮ್ಮಗನಿಗೂ ಅಕ್ಷರ ಬರುವುದಿಲ್ಲ. ಕಾಗದ ಉಳಿದು ಓದುವ ಕಣ್ಣು ಇಲ್ಲವಾಗುವುದೆಂದರೆ ಇದೇ.

ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ಮನೆಗಳಿಗೆ "ಇದರಿಂದ ಏನು ಲಾಭ" ಎಂಬ ಪ್ರಶ್ನೆ ಮದುವೆ ಮನೆಯಿಂದ ಬಸ್ಸಿನವರೆಗೆ ಎಲ್ಲೆಡೆ ಎದುರಾಗುತ್ತದೆ. ಅದಕ್ಕೆ ದೊಡ್ಡ ಉತ್ತರಗಳು ಹಲವು ಇರಬಹುದು. ಸಣ್ಣ ಉತ್ತರವೊಂದು ಇಲ್ಲಿದೆ. ಮನೆಯ ಆಸ್ತಿಯ ಮೂಲಪತ್ರವನ್ನು, ಮುತ್ತಜ್ಜಿಯ ಪಾಲುಪಟ್ಟಿಯನ್ನು, ಅಜ್ಜನ ಶಾಲೆಯ ಪುಸ್ತಕವನ್ನು ಯಾರ ಹಂಗೂ ಇಲ್ಲದೆ ಓದಬಲ್ಲವರು ಈ ಮಕ್ಕಳು. ಮಲಯಾಳವನ್ನೂ ಕಲಿತಿರುವುದರಿಂದ 1956ರ ನಂತರದ ಕಾಗದವೂ ಅವರಿಗೆ ತೆರೆದಿದೆ. ಮುಂಬಯಿಯಿಂದ ಬಂದ ವಿದ್ಯಾವಂತ ಬಂಧುಗಳಿಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪತ್ರ ಓದಿ ಅರ್ಥ ಹೇಳಬೇಕಾಗಿ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಭೇಟಿಯ ಸಿದ್ಧತೆ

ಕಾಗದದ ಕೆಲಸ ಒಂದು ಹಂತಕ್ಕೆ ಬಂದ ಮೇಲೆಯೇ ಪ್ರಯಾಣವನ್ನು ನಿಶ್ಚಯಿಸುವುದು ಲೇಸು. ಯಾವ ತಿಂಗಳಲ್ಲಿ ಬರಬೇಕು ಎಂಬುದೂ ಮುಖ್ಯ. ಕಚೇರಿಗಳ ಕೆಲಸವಿದ್ದರೆ ಓಣಂ ರಜೆಯಲ್ಲಿ ಬಂದು ಪ್ರಯೋಜನವಿಲ್ಲ. ಕುಟುಂಬದವರನ್ನೆಲ್ಲ ಕಾಣಬೇಕಾದರೆ ನೇಮದ ಕಾಲವೇ ಸರಿ: ತುಲಾ ತಿಂಗಳ ಹತ್ತರ ಪತ್ತಾಮುದಯದ ಬಳಿಕ ಆರಂಭವಾಗಿ, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ ತರವಾಡು ಮನೆಗಳ ಬಾಗಿಲು ತೆರೆದಿರುತ್ತದೆ, ದೂರದ ಊರುಗಳಲ್ಲಿ ಚೆದುರಿದ ಕವಲುಗಳು ಒಂದೇ ಚಪ್ಪರದಡಿ ಸೇರುತ್ತವೆ. ಗುರುಕಾರ್ನವರ ಪೀಠದ ಮುಂದೆ ಕೈಮುಗಿದು ಕುಳಿತ ಹಿರಿಯರಲ್ಲಿ ಯಾರಿಗೆ ಯಾವ ಕವಲು ಗೊತ್ತೆಂದು ಅಲ್ಲಿ ಒಂದೇ ರಾತ್ರಿಯಲ್ಲಿ ತಿಳಿಯಬಹುದು. ನಾಗರಪಂಚಮಿಗೆ ಬರುವವರು ಜಡಿಮಳೆಯನ್ನೂ ಜಾರುವ ಮುರಕಲ್ಲಿನ ದಾರಿಯನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಊರಿಗೆ ಬಂದವರು ಮೊದಲು ಸೀಮೆಯ ದೇವಸ್ಥಾನಕ್ಕೆ ಹೋಗುವ ಹಳೆಯ ಕ್ರಮದಲ್ಲಿ ಅರ್ಥವಿದೆ. ಕುಂಬಳೆ ಸೀಮೆಗೆ ಅಡೂರು, ಮಧೂರು, ಕಾವು ಎಂದರೆ ಮುಜುಂಗಾವು, ಕಣ್ಯಾರ ಎಂದರೆ ಕುಂಬಳೆಯ ಕಣಿಪುರ ಎಂಬ ನಾಲ್ಕು ದೇವಸ್ಥಾನಗಳು ಪ್ರಧಾನ. ಯಾವ ಊರು ಯಾವ ದೇವಸ್ಥಾನದ ಸುತ್ತಿಗೆ ಸೇರಿದ್ದೆಂದು ಅಲ್ಲಿನ ಹಿರಿಯರು ಹೇಳಬಲ್ಲರು. ಬಳಿಕ ಗ್ರಾಮದ ವಿಲ್ಲೇಜ್ ಆಫೀಸು. ಕನ್ನಡ ಭಾಷಾ ಅಲ್ಪಸಂಖ್ಯಾತರು ತಮ್ಮ ಪ್ರದೇಶದಲ್ಲಿ ಸರಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿರುವುದರಿಂದ ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಅಳುಕಬೇಕಾಗಿಲ್ಲ. ಸರ್ವೆ ನಂಬರು ಹಳೆಯದಾಗಿದ್ದರೆ ಮರುಸರ್ವೆಯ ಹೊಸ ನಂಬರನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಹಾಗೆ ಮಾಡದಿದ್ದರೆ ಪತ್ರ ಕೈಯಲ್ಲಿದ್ದರೂ ಜಾಗ ಕಾಣದು.

ಕಡೆಗೆ ನೆಲ. ಮನೆ ಬಿದ್ದುಹೋಗಿದ್ದರೂ ಅದರ ಕುರುಹುಗಳು ಸುಲಭವಾಗಿ ಅಳಿಯುವುದಿಲ್ಲ. ಮುರಕಲ್ಲಿನ ಪಂಚಾಂಗ, ಬಾವಿಯ ಕಟ್ಟೆ, ತುಳಸಿಕಟ್ಟೆಯ ಬುಡ, ಕಡಿಯದೆ ಉಳಿಸಿದ ಮರಗಳ ನಡುವಿನ ನಾಗನ ಕಲ್ಲು. ಬಾಯಾರು, ಎಣ್ಮಕಜೆ, ಪೈವಳಿಕೆ ಭಾಗಗಳಲ್ಲಿ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳು ಇಂದಿಗೂ ನೀರು ಕೊಡುತ್ತವೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲದ ಆ ಕತ್ತಲೆಯಲ್ಲಿ ಪಿಕ್ಕಾಸಿನ ಗುರುತುಗಳನ್ನು ಕೈಯಿಂದ ಮುಟ್ಟಿ ನೋಡಬಹುದು. ಅದನ್ನು ಕೊರೆದವರ ಹೆಸರು ಯಾವ ರಿಜಿಸ್ಟರಿನಲ್ಲಿಯೂ ಇಲ್ಲದಿರಬಹುದು; ಅವರು ತೆಗೆದ ನೀರು ಮಾತ್ರ ಇನ್ನೂ ಅಡಿಕೆ ತೋಟಕ್ಕೆ ಇಳಿಯುತ್ತಿದೆ.

ಆ ಮನೆಯಲ್ಲಿ ಈಗ ಇರುವವರು

ಇನ್ನೊಂದು ಸೂಕ್ಷ್ಮದ ವಿಷಯವನ್ನು ಹೇಳದೆ ಮುಗಿಸುವಂತಿಲ್ಲ. ಹಿರಿಯರ ಮನೆಯೆಂದು ಹುಡುಕಿ ಹೋದಾಗ ಅಲ್ಲಿ ಬೇರೆ ಕುಟುಂಬ ವಾಸವಾಗಿರುವುದೇ ಹೆಚ್ಚು. ಕ್ರಯಕ್ಕೆ ಪಡೆದವರಿರಬಹುದು, ಭೂಸುಧಾರಣೆಯಲ್ಲಿ ಒಡೆತನ ಪಡೆದ ಹಿಂದಿನ ಒಕ್ಕಲಿರಬಹುದು. ಅಪರಿಚಿತರು ಕಾರಿನಲ್ಲಿ ಬಂದು ಇಳಿದು, ಹಳೆಯ ಪತ್ರ ಬಿಡಿಸಿ, ತೋಟದ ಫೋಟೋ ತೆಗೆಯಲಾರಂಭಿಸಿದರೆ ಆ ಮನೆಯವರಿಗೆ ಅಂದು ರಾತ್ರಿ ನಿದ್ದೆ ಬಾರದು. ಕೇರಳದ ಕಾಯಿದೆಯಂತೆ ಲ್ಯಾಂಡ್ ಟ್ರಿಬ್ಯೂನಲ್ ನೀಡಿದ ಕ್ರಯಪ್ರಮಾಣಪತ್ರ ಒಡೆತನಕ್ಕೆ ನಿರ್ಣಾಯಕ ಪುರಾವೆ. ಐವತ್ತು ವರ್ಷಗಳ ಹಿಂದೆ ಇತ್ಯರ್ಥವಾದುದನ್ನು ಅಜ್ಜನ ಹೆಸರಿನ ಒಂದು ಕಾಗದ ಬದಲಿಸಲಾರದು. ಬದಲಿಸಬೇಕೆಂಬ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂಲ ಹುಡುಕಲು ಹೊರಡುವುದು ಸರಿಯೂ ಅಲ್ಲ. ನಾಗಬನಕ್ಕೆ ವರ್ಷಕ್ಕೊಮ್ಮೆ ಹಾಲೆರೆಯಲು ದಾರಿ ಬೇಕೆಂದಿದ್ದರೆ ಅದು ಹಕ್ಕಿನ ಮಾತಿಗಿಂತ ನೆರೆಹೊರೆಯ ಮಾತಿನಲ್ಲಿ ಬೇಗ ಸಿಗುತ್ತದೆ.

ಆದುದರಿಂದ ಊರಿನ ಪರಿಚಿತರ ಮೂಲಕ ಮೊದಲೇ ಹೇಳಿಕಳುಹಿಸಬೇಕು. ಬರುವ ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಬೇಕು. ಪತ್ರಗಳನ್ನು ಚೀಲದಲ್ಲಿಯೇ ಇಟ್ಟು, ಅಂಗಳದಲ್ಲಿ ನಿಂತು, ಕರೆದರೆ ಮಾತ್ರ ಜಗಲಿಗೆ ಏರಬೇಕು. ಬೆಲ್ಲ-ನೀರು ಕೊಟ್ಟರೆ ಸ್ವೀಕರಿಸಬೇಕು. ಧಣಿಗಳ ಮನೆಯಿಂದ ಬಂದವರು ಆ ಮನೆಯವರನ್ನು ಏಕವಚನದಲ್ಲಿ ಕರೆಯುವ ಹಳೆಯ ಅಭ್ಯಾಸವನ್ನು ರೈಲು ನಿಲ್ದಾಣದಲ್ಲಿಯೇ ಬಿಟ್ಟು ಬರಬೇಕು. ಒಕ್ಕಲುಗಳ ಮನೆಯ ಹಿರಿಯರಿಗೆ ಗೊತ್ತಿರುವಷ್ಟು ಹಳೆಯ ಕಥೆ ಧಣಿಗಳ ವಂಶಜರಿಗೆ ಗೊತ್ತಿರುವುದಿಲ್ಲ. ಯಾವ ವರ್ಷ ಮನೆ ಬಿತ್ತು, ಯಾವ ಮಗುವನ್ನು ಯಾವ ಮರದಡಿ ಮಣ್ಣು ಮಾಡಿದರು, ಪಾಲಿನ ಜಗಳದ ದಿನ ಯಾರು ಊಟ ಬಿಟ್ಟರು ಎಂಬುದನ್ನು ಕಂಡು ಉಳಿದವರು ಅವರೇ. ಭೂಮಿಯ ಲೆಕ್ಕ ಎಂದೋ ಮುಗಿದಿರುವಾಗ ಈ ಎರಡು ಮನೆಗಳ ಮಕ್ಕಳು ಒಂದು ಸಂಜೆ ಒಟ್ಟಿಗೆ ಕುಳಿತು ತಮ್ಮ ತಮ್ಮ ಅರ್ಧ ಕಥೆಯನ್ನು ಹೇಳಿಕೊಂಡರೆ, ಅಂದಿಗೆ ಆ ಊರಿನ ಚರಿತ್ರೆ ಪೂರ್ಣವಾಗುತ್ತದೆ.

ಬರುವ ರಜೆಯಲ್ಲಿ ಕನ್ನಡ ಶಾಲೆಗಳ ಮಕ್ಕಳಿಗೆ ಮನೆಯವರು ಒಂದು ಸಣ್ಣ ಕೆಲಸವನ್ನು ಒಪ್ಪಿಸಬಹುದು. ಇನ್ನೂರು ಪುಟದ ಒಂದು ಪುಸ್ತಕ; ಮೊದಲ ಪುಟದಲ್ಲಿ ಮನೆಯ ಹೆಸರು, ಅದರ ಎಲ್ಲ ರೂಪಗಳು, ಸರ್ವೆ ನಂಬರು. ಎರಡನೆಯ ಪುಟದಿಂದ ಅಜ್ಜಿಯ ಮಾತು, ಅಜ್ಜಿಯದೇ ಭಾಷೆಯಲ್ಲಿ. ತುಳುವಾದರೆ ತುಳು, ಹವ್ಯಕವಾದರೆ ಹವ್ಯಕ, ಬ್ಯಾರಿಯಾದರೆ ಬ್ಯಾರಿ, ಕೊಂಕಣಿಯಾದರೆ ಕೊಂಕಣಿ, ಬರೆಯುವ ಲಿಪಿ ಕನ್ನಡ. ತಾಯಿಯ ಕಡೆಯ ಹೆಸರುಗಳನ್ನು ಬಿಡದಂತೆ ಮೊದಲೇ ಕೇಳಬೇಕು. ಮರೆತುಹೋಗುವುದು ಮೊದಲು ಅವೇ. ಹೇಳಿದವರ ಹೆಸರು, ಕೇಳಿದ ದಿನಾಂಕ, ಬರೆದವರ ಸಹಿ ಕೊನೆಯಲ್ಲಿ ಇರಲಿ. ಅಜ್ಜಿಗೆ ಹೆಬ್ಬೆಟ್ಟು ಮಾತ್ರ ಗೊತ್ತಿದ್ದರೆ ಹೆಬ್ಬೆಟ್ಟೇ ಸಾಕು.